ಹಿಂಬದಿ ಮೆಟ್ಟಿಲಿನ ಮೂವರು

ನಮ್ಮ ಕಂಪನಿಯ ಯಜಮಾನನ ಎದುರಿಗೆ ನಾನು ಬಹುವಚನವನ್ನೇ ಬಳಸುತ್ತಿದ್ದೆ. ಆಸ್ಟ್ರೇಲಿಯಾದಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಅವನಿಗೆ ಮಾತ್ರ ಕನ್ನಡದವರ ಬಾಯಿಂದ ‘ಸರ್’ ಕೇಳಲೇಬೇಕು. ಈಗ ಬರೆಯುವಾಗ ಆ ಮರ್ಯಾದೆ ಕೊಡಲು ಕೈ ಬರುತ್ತಿಲ್ಲ, ಏಕವಚನವೇ ಇರಲಿ.

ಅವನು ಮೈಸೂರಿನವನು, ನಾನು ಬೆಂಗಳೂರಿನವಳು. ಅಡಿಲೇಡಿನ ಪ್ರಾಸ್ಪೆಕ್ಟ್ ರಸ್ತೆಯಲ್ಲಿ ಕೆಳಗೊಂದು ಕೆಫೆ, ಅದರ ಮೇಲೆ ನಮ್ಮ ಆಫೀಸು. ಗಾಡಿಯೊಂದನ್ನು ಕಬ್ಬಿಣದಲ್ಲಿ ಮಾಡುವ ಮೊದಲೇ ಕಂಪ್ಯೂಟರ್‌ನೊಳಗೆ ಕಟ್ಟಿ, ಭಾರ ಹೇರಿ, ಗುಂಡಿಗೆ ಇಳಿಸಿ, ಗೋಡೆಗೆ ಗುದ್ದಿಸಿ, ಎಲ್ಲಿ ಮುರಿಯುತ್ತದೆ ಎಂದು ಹೇಳುವುದು ನಮ್ಮ ಕೆಲಸ. ಗಟ್ಟಿಯಾಗಿರುವ ಕಡೆ ಪರದೆಯ ಮೇಲೆ ಹಸಿರು ಬಣ್ಣ, ಮುರಿಯುವ ಕಡೆ ಕೆಂಪು. ಎಳೆ ಮಗುವಿಗೂ ತಿಳಿಯುವ ಭಾಷೆ ಅದು.

ಬ್ರಿಸ್ಬೇನಿನಲ್ಲಿ ನೆಲೆಸಿದ ಫಿಲಿಪೀನ್ಸ್‌ನ ಕೆಲವರು ಸೇರಿ ತಮ್ಮ ದೇಶಕ್ಕೆ ಒಂದು ಸ್ವಂತ ಕಾರು ಮಾಡಲು ಹೊರಟಿದ್ದರು. ಕಾರು ಎಂದು ಹೆಸರು, ನಿಜವಾಗಿ ಎದುರುಬದುರು ಬೆಂಚುಗಳ, ಜನ ಸಾಗಿಸುವ ಗಾಡಿ. ಅಲ್ಲಿಯ ರಸ್ತೆಗಳಲ್ಲಿ ಓಡುವ ಹಳೆಯ ಜೀಪ್ನಿಗಳ ಜಾಗದಲ್ಲಿ ಇದು ಓಡಬೇಕು. ‘ನಮ್ಮ ಮಣ್ಣಿನ ಕಾರು’ ಎಂದು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿದ್ದರು. ದುಡ್ಡು ಬ್ರಿಸ್ಬೇನಿನದು, ವಿನ್ಯಾಸ ಪರ್ತ್‌ನದು, ಪರೀಕ್ಷೆ ಅಡಿಲೇಡಿನ ಇಬ್ಬರು ಕನ್ನಡಿಗರದು. ಆ ಮಣ್ಣನ್ನು ನಮ್ಮಲ್ಲಿ ಎಷ್ಟು ಜನ ಮೆಟ್ಟಿದ್ದೆವೋ ದೇವರೇ ಬಲ್ಲ.

ವಿನ್ಯಾಸ ಮಾಡುತ್ತಿದ್ದವನು ಮಾತ್ರ ಅಪ್ಪಟ ಫಿಲಿಪೀನ್ಸ್‌ನವನು. ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ, ಟೈರು ಗೋದಾಮುಗಳ ನಡುವಿನ ಒಂದು ಶೆಡ್ಡಿನಲ್ಲಿ ಕೂತು ಗಾಡಿಯನ್ನು ಗೀಚುತ್ತಿದ್ದ. ವಿಡಿಯೋ ಕಾಲ್‌ನಲ್ಲಿ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ನಮ್ಮ ಪರದೆಯ ಮೇಲೆ ಪ್ರಯಾಣಿಕರೆಂದರೆ ಬರೀ ತೂಕದ ಚುಕ್ಕೆಗಳು. ಅವನು ಆ ಚುಕ್ಕೆಗಳಿಗೆಲ್ಲ ಗುರುತು ಬರೆದಿದ್ದ: ಒಬ್ಬಳು ಅಜ್ಜಿ, ಒಬ್ಬಳು ಮೀನಿನ ಬುಟ್ಟಿಯವಳು, ಒಬ್ಬ ಮೇಷ್ಟರು. ಹಿಂಬದಿಯ ಮೆಟ್ಟಿಲ ಮೇಲೆ ಇನ್ನೂ ಮೂರು ಚುಕ್ಕೆ ನಿಲ್ಲಿಸಿ, ಆ ಕಡತಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಸಾಬಿತ್’ ಎಂದು ಹೆಸರಿಟ್ಟಿದ್ದ.

ನಾನು ಅದನ್ನು ‘ಸಾಬೀತು’ ಎಂದು ಓದಿಕೊಂಡೆ. ಪರೀಕ್ಷೆಗೆ ಮೊದಲೇ ಏನು ಸಾಬೀತಾಯಿತು ಎಂದು ಕೇಳಿದೆ. ಅವನು ನಗಾಡಿದ.

“ನಮ್ಮ ಭಾಷೆಯಲ್ಲಿ ಸಾಬಿತ್ ಅಂದರೆ ನೇತಾಡುವುದು” ಎಂದ. “ಸೀಟು ಸಿಗದವರು ಹಿಂದಿನ ಮೆಟ್ಟಿಲ ಮೇಲೆ ನಿಂತು ನೇತಾಡುತ್ತಾರೆ. ಈ ಮೂವರಲ್ಲಿ ಮೊದಲನೆಯವನು ನನ್ನ ಅಣ್ಣ.”

ಅಣ್ಣ ಅವರ ಊರಿನ ಜೀಪ್ನಿಯಲ್ಲಿ ಟಿಕೆಟ್ ದುಡ್ಡು ವಸೂಲಿ ಮಾಡುವವನಂತೆ. ದಿನವೆಲ್ಲ ಮೆಟ್ಟಿಲ ಮೇಲೆಯೇ ನಿಲ್ಲುವ ಕೆಲಸ. ನಮ್ಮ ಗಾಡಿ ತಯಾರಾದರೆ ಮೊದಲು ಇಳಿಯುವುದು ಅದೇ ಮಾರ್ಗಕ್ಕೆ, ಏಕೆಂದರೆ ಬ್ರಿಸ್ಬೇನಿನ ಮುಖ್ಯ ಬಂಡವಾಳದಾರಳ ಊರೂ ಅದೇ. ಅಣ್ಣನನ್ನೇ ಕೇಳಿ ಅವನ ತೂಕವನ್ನು ಆ ಚುಕ್ಕೆಗೆ ಹಾಕಿದ್ದೇನೆ ಎಂದ.

ಪರೀಕ್ಷೆ ಓಡಿಸಿದೆ. ಮೆಟ್ಟಿಲು ಗಾಡಿಯ ಮೈಗೆ ಬೆಸೆದುಕೊಳ್ಳುವ ಮೂಲೆ ಕಡುಕೆಂಪಾಯಿತು. ಎರಡು ಉಕ್ಕಿನ ಆಸರೆ ಪಟ್ಟಿ ಕೊಟ್ಟರೆ ಸರಿಹೋಗುತ್ತಿತ್ತು. ಆದರೆ ಗಾಡಿಯ ತೂಕ ಆಗಲೇ ಮಿತಿ ಮುಟ್ಟಿತ್ತು, ಮುಂಭಾಗಕ್ಕೆ ಫಳಫಳ ಹೊಳೆಯುವ ಒಂದು ದೊಡ್ಡ ಜಾಲರಿ ಬೇಕೆಂದು ಬ್ರಿಸ್ಬೇನಿನವರು ಹಟ ಹಿಡಿದಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಯಜಮಾನ ಚಕ್ಕುಲಿ ಕಡಿಯುತ್ತ ಬಂದು ನನ್ನ ಹೆಗಲ ಹಿಂದೆ ನಿಂತ.

“ಆ ಮೂರ್ ಜನಾನ ಡಿಲೀಟ್ ಮಾಡ್ಬಿಡಿ ಮೇಡಂ. ಸೀಟೇ ಇಲ್ದೋರ್ ಲೆಕ್ಕ ನಮಗ್ಯಾಕೆ? ಈ ಆರ್ವೋ ಒಳಗೆ ನಂಗೆ ಹಸಿರು ಚಿತ್ರ ಬೇಕು.”

ಮಧ್ಯಾಹ್ನಕ್ಕೆ ಆರ್ವೋ ಎನ್ನಲು ಕಲಿತುಬಿಟ್ಟರೆ ಮನುಷ್ಯ ಈ ದೇಶದವನಾಗಿಬಿಡುತ್ತಾನೆ ಎಂದು ಅವನ ನಂಬಿಕೆ.

“ಡಿಲೀಟ್ ಮಾಡಿದ್ರೆ ಅವ್ರು ನೇತಾಡೋದು ನಿಲ್ಸಲ್ಲ ಸರ್” ಎಂದೆ. “ನೀವೇ ಹೇಳಿದ್ರಲ್ಲ, ಡಿಗ್ರಿ ಪೂರ್ತಿ ಫುಟ್‌ಬೋರ್ಡ್ ಮೇಲೇ ಮುಗಿಸ್ದೆ ಅಂತ.”

ಹೇಳಿದ್ದ, ಹಿಂದಿನ ವಾರವಷ್ಟೇ ಅವನ ಮನೆಯ ಬಾರ್ಬಿಯಲ್ಲಿ, ಎಂದರೆ ಹಿತ್ತಲ ಬಾರ್ಬೆಕ್ಯೂ ಊಟದಲ್ಲಿ. ಮೈಸೂರಿನ ಸಿಟಿ ಬಸ್ಸಿನ ಬಾಗಿಲಿಗೆ ಒಂಟಿ ಕೈಯಲ್ಲಿ ಜೋತುಬಿದ್ದು ಕಾಲೇಜಿಗೆ ಹೋಗುತ್ತಿದ್ದುದನ್ನು ಇಕ್ಕಳ ಹಿಡಿದೇ ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸಿದ್ದ. ಏರಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೆ, ಇಷ್ಟು ತಣ್ಣಗೆ ಒದೆಯುವವನನ್ನು ಕಂಡಿರಲಿಲ್ಲ.

“ಆಗಿನ್ ಕಾಲ ಬೇರೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ.”

ನನ್ನ ಕೈಯಲ್ಲಿ ಆಗುವುದಿಲ್ಲ ಎಂದೆ. ಅವನು ಪಕ್ಕದಿಂದ ಕೈ ಚಾಚಿ ಮೂವರನ್ನೂ ಆರಿಸಿ ಡಿಲೀಟ್ ಒತ್ತಿದ. ಪರೀಕ್ಷೆ ಮತ್ತೆ ಓಡಿತು, ಕೆಂಪು ಹೋಯಿತು. ಆ ಕೀಲಿಯ ಮೇಲೆ ಚಕ್ಕುಲಿಯ ಎಣ್ಣೆ ಹೊಳೆಯುತ್ತಿತ್ತು. ಉಳಿದದ್ದನ್ನು ಅವನೇ ಮಾಡಿಕೊಳ್ಳಲಿ ಎಂದು ಎದ್ದು ಕೆಳಗಿನ ಕೆಫೆಗೆ ಹೋದೆ. ಹೋಗುವ ಮುನ್ನ ಟಿಶ್ಯೂ ತಂದು ಕೀಲಿ ಒರೆಸಿದೆ, ಎರಡು ಸಲ.

ಪರ್ತ್‌ಗೆ ಫೋನ್ ಮಾಡಿ ಆದದ್ದನ್ನು ಹೇಳಿದೆ, ಮೊದಲಿನ ಕೆಂಪು ಚಿತ್ರವನ್ನೂ ಕಳಿಸಿದೆ. ಅವನು ಅದನ್ನು ತೆರೆದು ನೋಡಿದ. ಆಮೇಲೆ, “ನನ್ನ ಅಣ್ಣ ಅಷ್ಟೊಂದು ಭಾರದವನೇನೂ ಅಲ್ಲವಲ್ಲ” ಎಂದ.

ಬ್ರಿಸ್ಬೇನಿನ ಸಭೆಗೆ ಯಜಮಾನ, ನಾನು, ಪರ್ತ್‌ನವನು ಮೂವರೂ ಹೋದೆವು. ಒಂದು ಸಮುದಾಯ ಭವನ, ಮುಂದಿನ ಸಾಲಿನಲ್ಲಿ ಬಂಡವಾಳದಾರರು, ನಡುವೆ ಅಣ್ಣನ ಊರಿನ ಆ ಮುಖ್ಯ ಬಂಡವಾಳದಾರಳು, ವಯಸ್ಸಾದ ಹೆಂಗಸು. ಅವರ ಕಡೆಯವರೆಲ್ಲರೂ ಆಕೆಯನ್ನು ಆಂಟಿ ಎಂದೇ ಕರೆಯುತ್ತಿದ್ದರು. ಯಜಮಾನ ಹೊಸ ಕೋಟು ಹಾಕಿಕೊಂಡು ಎದ್ದು ನಿಂತು ಗಾಡಿಯ ಹಿಂಬದಿಯ ಚಿತ್ರ ತೋರಿಸಿದ. ಎಲ್ಲ ಹಸಿರು, ಮೆಟ್ಟಿಲು ಖಾಲಿ. ಅದರ ಮೇಲೆ ದಪ್ಪಕ್ಷರದಲ್ಲಿ ‘ಸಾಬಿತ್’. ಕಡತದ ಹೆಸರನ್ನು ಅವನೂ ನನ್ನಂತೆಯೇ ಓದಿಕೊಂಡಿದ್ದ. ನಾನು ಕೇಳಿ ತಿಳಿದುಕೊಂಡಿದ್ದೆ, ಅವನು ಕೇಳಿರಲಿಲ್ಲ, ಅಷ್ಟೇ.

“ನನ್ನ ಭಾಷೆಯಲ್ಲೂ ಇದೇ ಪದ” ಎಂದು ಎದೆಯ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ ಹೇಳಿದ. “ನಿಮ್ಮದೂ ನಮ್ಮದೂ ಒಂದೇ. ರುಜುವಾಗಿದೆ ಎಂದರ್ಥ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಭವನ ನಕ್ಕಿತು. ಮೆಚ್ಚಿಕೊಂಡರು ಎಂದು ಅವನೂ ಹಲ್ಲು ಕಿರಿದು ನಕ್ಕ. ಅದನ್ನು ನೋಡಲಾಗದೆ ನಾನು ನೆಲ ನೋಡಿದೆ.

ಆಂಟಿ ನಗಲಿಲ್ಲ. ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಹೋಗಿ ಮೆಟ್ಟಿಲ ಮೇಲೆ ಬೆರಳಿಟ್ಟರು. “ನೇತಾಡುವವರು ಎಂದು ಬರೆದಿದ್ದೀರಿ. ಅವರೆಲ್ಲಿ?”

ಯಜಮಾನ ನನ್ನ ಕಡೆ ತಿರುಗಿ ಕನ್ನಡದಲ್ಲಿ ಪಿಸುಗುಟ್ಟಿದ. “ಏನ್ ಕೇಳ್ತಿದಾರ್ರೀ ಇವ್ರು?”

ನಾನು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ. ಮೂವರಿದ್ದರು, ಅವರ ಕಾಲ ಕೆಳಗೆ ಕೆಂಪಾಯಿತು, ಅದಕ್ಕೆ ಅವರನ್ನು ತೆಗೆಸಲಾಯಿತು. ಪರ್ತ್‌ನವನು ತನ್ನ ಲ್ಯಾಪ್‌ಟಾಪ್ ತೆರೆದು ಮೊದಲಿನ ಚಿತ್ರವನ್ನು ಆಂಟಿಯ ಮುಂದೆ ಹಿಡಿದ. “ಇವನು ನನ್ನ ಅಣ್ಣ. ನಿಮ್ಮೂರಿನ ಮಾರ್ಗದವನೇ.”

ನಗು ನಿಂತಿತು. ಏನು ಮಾಡಬೇಕು ಎಂದು ಆಂಟಿ ಕೇಳಿದರು. ಎರಡು ಆಸರೆ ಪಟ್ಟಿ ಬೇಕು, ಆ ತೂಕಕ್ಕೆ ಮುಂದಿನ ಜಾಲರಿ ಬಿಡಬೇಕು ಎಂದೆ. ಬಿಡಿ ಎಂದರು. ಪಕ್ಕದವರು ಗೊಣಗಿದರು, ಆಂಟಿ ಕೇಳಿಸಿಕೊಳ್ಳಲಿಲ್ಲ.

ವಿಮಾನ ನಿಲ್ದಾಣದಲ್ಲಿ ಯಜಮಾನ ಮುಖ ಊದಿಸಿಕೊಂಡು ಕೂತಿದ್ದ. “ಆ ಪದದ ಅರ್ಥ ಮೊದ್ಲೇ ಹೇಳ್ಬಾರ್ದಿತ್ತಾ ಮೇಡಂ? ನಾವ್ ನಾವೇ ಅಲ್ವಾ?”

ಅವನನ್ನು ಚುಚ್ಚಿದ್ದು ಆ ಪದ. ಆ ಮೂವರು ಆಗಲೂ ಅವನ ತಲೆಗೆ ಬಂದಿರಲಿಲ್ಲ. ನಾವು ನಾವೇ ಎಂಬ ಮಾತು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ. ಈಚೆಗೆ ಅವನು ಹೊಸ ಗಿರಾಕಿಗಳಿಗೆ ಆ ಪರೀಕ್ಷೆಯನ್ನು ‘ಸಾಬಿತ್ ಟೆಸ್ಟ್’ ಎಂದು ತಾನೇ ಕಂಡುಹಿಡಿದಂತೆ ಮಾರುತ್ತಿದ್ದಾನೆ. ನಾಚಿಕೆ ಎನ್ನುವುದು ಅವನ ಬೀದಿಯಲ್ಲೂ ಸುಳಿದಿಲ್ಲ.

ಅಡಿಲೇಡಿಗೆ ಬಂದು ಪಟ್ಟಿಗಳನ್ನು ಸೇರಿಸಿ, ಮೂವರನ್ನೂ ಮತ್ತೆ ಮೆಟ್ಟಿಲ ಮೇಲೆ ನಿಲ್ಲಿಸಿ ಓಡಿಸಿದೆ. ಕೆಂಪು ಬರಲಿಲ್ಲ. ಚಿತ್ರವನ್ನು ಪರ್ತ್‌ಗೆ ಕಳಿಸಿದೆ, ಅವನು ಅದನ್ನು ಊರಿಗೆ ಕಳಿಸಿದ. ಮಾರನೆಯ ದಿನ ಅವನ ಸಂದೇಶ ಬಂತು: ಅಣ್ಣ ಚಿತ್ರ ನೋಡಿದ, ತೂಕ ಸುಳ್ಳು ಹೇಳಿದ್ದನಂತೆ, ಮದುವೆಗೆ ಮುಂಚಿನ ತೂಕ ಕೊಟ್ಟಿದ್ದನಂತೆ, ಈಗ ಹೊಟ್ಟೆ ಬಂದಿದೆಯಂತೆ.

ತೂಕ ಹೆಚ್ಚಿಸಿ ಮತ್ತೆ ಓಡಿಸಿದೆ. ಮೆಟ್ಟಿಲು ತಡೆದುಕೊಂಡಿತು. ‘ಸಾಬಿತ್’ ಎಂದಷ್ಟೇ ಬರೆದು ಕಳಿಸಿದೆ. ಯಾವ ಭಾಷೆಯಲ್ಲಿ ಎಂದು ಅವನು ಕೇಳಲಿಲ್ಲ.