ಅವ್ವನ ನೀರಡಿಕೆ

ಡಾಕ್ಟರು ಒಳ್ಳೆಯವರೇ. ರಿಪೋರ್ಟು ನೋಡಿ, ಕನ್ನಡಕ ತೆಗೆದಿಟ್ಟು ಅವ್ವನನ್ನು ಕೇಳಿದರು: "ಯಮ್ಮಾ, ನೀರು ಸರಿಯಾಗಿ ಕುಡಿತಿರಲಿಲ್ಲೇನು? ನಿಮ್ಮೂರಾಗ ನೀರಿಗೆ ಬರ ಇತ್ತೇನು?"

"ನೀರು ಬೇಕಾದಷ್ಟು ಇತ್ತರಿ ಯಪ್ಪಾ," ಎಂದು ಅವ್ವ ನಕ್ಕಳು. ಎರಡೂ ಕಿಡ್ನಿ ಕೆಟ್ಟಿವೆ ಎಂದು ತಿಳಿದ ದಿನ ನಗುವವಳು ಇಡೀ ರಾಯಚೂರಿನಲ್ಲಿ ನನ್ನ ಅವ್ವ ಒಬ್ಬಳೇ ಇರಬೇಕು.

ನಮ್ಮೂರು ಮಾನ್ವಿ ಸೀಮೆಯದು. ಅವ್ವ ಹತ್ತಿ ಬಿಡಿಸಲು ಹೋಗುತ್ತಿದ್ದ ಹೊಲದಲ್ಲಿ ಬೇವಿನ ಗಿಡದ ಕೆಳಗೆ ತುಂಬಿದ ಕೊಡ ಇರುತ್ತಿತ್ತು. ಉಳಿದವರು ತಾವೇ ಮೊಗೆದು ಕುಡಿಯುತ್ತಿದ್ದರು. ನಮ್ಮ ಕೇರಿಯವರು ಅದನ್ನು ಮುಟ್ಟುವಂತಿರಲಿಲ್ಲ. ಯಾರಾದರೂ ಬಂದು ಮೇಲಿನಿಂದ ಬೊಗಸೆಗೆ ಸುರಿಯುವ ತನಕ ಕಾಯಬೇಕು. ಒಮ್ಮೆ ಅವ್ವನ ಬೊಗಸೆಯಿಂದ ಹನಿ ಸಿಡಿದು ಹೊಲದೊಡತಿಯ ತಂಬಿಗೆಗೆ ತಾಗಿತು. ಆಕೆ ಬೈಯಲಿಲ್ಲ. ತಂಬಿಗೆಗೆ ಅಲ್ಲೇ ಮಣ್ಣು ಹಚ್ಚಿ, ಎಲ್ಲರೆದುರು ತಿಕ್ಕಿ ತಿಕ್ಕಿ ತೊಳೆದಳು. ಅವತ್ತಿನಿಂದ ಅವ್ವ ಹೊಲದಲ್ಲಿ ನೀರು ಕೇಳಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಕುಡಿದರೆ ಮತ್ತೆ ಸಂಜೆ ಮನೆಗೆ ಬಂದ ಮೇಲೆಯೇ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ.

ಮನೆಯಿಂದಲೇ ನೀರು ಒಯ್ಯಬಾರದಿತ್ತೇ ಎಂದು ನಾನೂ ಕೇಳಿದ್ದೆ. "ಬುತ್ತಿ ಹೊರಬೇಕೊ, ಕೂಸು ಹೊರಬೇಕೊ, ನೀರು ಹೊರಬೇಕೊ?" ಎಂದಳು. ಆ ಕೂಸು ನಾನು.

"ಬಿ.ಪಿ. ಅದ, ಬಿಸಿಲಾಗ ದುಡಿದದ್ದು ಅದ. ನೀರು ಕಡಿಮಿ ಕುಡಿದದ್ದೂ ಒಂದು ಕಾರಣ ಇರಬಹುದು," ಎಂದರು ಡಾಕ್ಟರು, ಅವ್ವ ಹೊಲದಲ್ಲಿ ನೀರು ಕುಡಿಯುತ್ತಿರಲಿಲ್ಲ ಎಂದು ನಾನು ಹೇಳಿದಾಗ. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ತೀರಿಸಿಕೊಳ್ಳಲಿ? ಆ ಹೊಲದೊಡತಿ ಸತ್ತು ಎಷ್ಟೋ ಕಾಲವಾಯಿತು.

ನಾನು ದೇವದುರ್ಗದಲ್ಲಿ ಹೈಸ್ಕೂಲ್ ಟೀಚರ್. ಚೆನ್ನಾಗಿ ನೀರು ಕುಡಿಯಿರಿ ಎಂದು ಮಕ್ಕಳಿಗೆ ಪಾಠ ಮಾಡುತ್ತೇನೆ. ಸ್ಟಾಫ್ ರೂಮಿನಲ್ಲಿ ಫಿಲ್ಟರ್ ಇದೆ. ಲೋಟ ಎತ್ತಿಕೊಳ್ಳುವ ಮೊದಲು ಒಬ್ಬ ಟೀಚರ್ ಅದರಲ್ಲಿ ನಾನು ಕುಡಿದೆನೇ ಎಂದು ವಿಚಾರಿಸುತ್ತಾಳೆ. "ತಪ್ಪು ತಿಳ್ಕೋಬ್ಯಾಡ್ರಿ, ನನಗ ಇನ್ಫೆಕ್ಷನ್ ಅಂದ್ರ ಭಾಳ ಅಂಜಿಕಿ." ಉಳಿದವರ ಲೋಟದಿಂದ ಆಕೆಗೆ ಯಾವ ಇನ್ಫೆಕ್ಷನ್ನೂ ತಗಲುವುದಿಲ್ಲ. ಈಗ ನಾನು ಬಾಟಲಿ ಒಯ್ಯುತ್ತೇನೆ; ಅದು ಖಾಲಿಯಾದರೆ ಮನೆ ಸೇರುವವರೆಗೆ ಸುಮ್ಮನಿರುತ್ತೇನೆ. ಓದಿ ಕಡಿದು ಕಟ್ಟೆ ಹಾಕಿದ್ದು ಇಷ್ಟೇ.

ಅವ್ವನಿಗೆ ಈಗ ಡಯಾಲಿಸಿಸ್. ಮೂತ್ರ ನಿಂತಿರುವುದರಿಂದ ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ, ದಿನಕ್ಕೆ ಹೇಳಿದ ಅಳತೆ ಮೀರಿದರೆ ಉಸಿರಿಗೇ ಕುತ್ತು ಎಂದಿದ್ದಾರೆ. ಮನೆಯಲ್ಲಿ ಫ್ರಿಜ್ಜಿನ ತುಂಬ ತಣ್ಣೀರಿದೆ, ಬೇಕಾದಷ್ಟು ಕೊಡುವಂತಿಲ್ಲ. "ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ," ಎಂದು ಅವ್ವ ಅದಕ್ಕೂ ನಗುತ್ತಾಳೆ.

ನಿನ್ನೆ ಮಧ್ಯಾಹ್ನ ಮಾತ್ರ ನಗಲಿಲ್ಲ. "ಗಂಟಲ ಒಣಗಾಕತ್ತದ ಯವ್ವಾ, ಒಂದು ಗುಟುಕು ಕೊಡು," ಎಂದಳು. ಯಾರನ್ನೂ ನೀರು ಕೇಳದವಳು ನನ್ನನ್ನು ಕೇಳಿದಳು. ಆ ದಿನದ ಪಾಲು ಮುಗಿದಿತ್ತು.

"ನಾಳಿ ಮುಂಜಾನಿ ಕೊಡ್ತೀನಿ ಬೇ," ಎಂದೆ.

ಅವ್ವ ಗೋಡೆಯ ಕಡೆ ಹೊರಳಿ ಮಲಗಿದಳು. ಇವತ್ತು ಬೆಳಿಗ್ಗೆ ನಾನಾಗಿಯೇ ಲೋಟ ಹಿಡಿದು ಹೋದೆ.

"ನೀರಡಿಕಿ ಇಲ್ಲ ಬಿಡು," ಎಂದಳು.