ಬಾವಿಯಿಂದ ಬಂದ ಮರಳುಗಲ್ಲು

ನನ್ನ ಗಂಡ ತ್ರಿಪುರದ ಕಾಡಿನಲ್ಲಿ ನೈಸರ್ಗಿಕ ಅನಿಲ ಹುಡುಕುವ ಕಂಪನಿಯೊಂದರಲ್ಲಿ ಭೂವಿಜ್ಞಾನಿಯಾಗಿದ್ದರು. ನಂಜನಗೂಡಿನಲ್ಲಿ ಇದನ್ನು ಯಾರಿಗೆ ಹೇಳಿದರೂ "ಗ್ಯಾಸ್ ಏಜೆನ್ಸೀಲಾ?" ಎಂದೇ ಕೇಳುತ್ತಿದ್ದರು. ತೊಂಬತ್ತರ ದಶಕದಲ್ಲಿ ಸಿಲಿಂಡರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಶಿಫಾರಸು ಮಾಡಿಸಿಕೊಡಿ ಎಂದು ಹಲ್ಲು ಗಿಂಜಿಕೊಂಡು ಮನೆಗೆ ಬಂದವರೂ ಇದ್ದರು. ಅವರಿಗೆಲ್ಲ ಕಾಫಿ ಕೊಟ್ಟು ಸಾಗಹಾಕುವುದು ನನ್ನ ಕೆಲಸವಾಗಿತ್ತು.

ಒಂದು ಸಲ ರಜೆಗೆ ಬಂದಾಗ ನನ್ನ ಗಂಡ ಬ್ಯಾಗಿನಿಂದ ಉರುಳೆಯಂಥ ಬೂದು ಕಲ್ಲೊಂದನ್ನು ತೆಗೆದರು. ಬಾವಿ ಕೊರೆಯುವಾಗ ಆಳದಿಂದ ಬಂದ ಮರಳುಗಲ್ಲಿನ ತುಂಡು. ಪರೀಕ್ಷೆ ಮುಗಿದಿತ್ತು, ಎಸೆಯುವುದಿತ್ತಂತೆ.

"ಗ್ಯಾಸು ಗುಹೇಲಿ ತುಂಬ್ಕೊಂಡಿರಲ್ಲ ಕಣೇ. ಇಂಥ ಕಲ್ಲಿನ ಸಣ್ಣ ಸಣ್ಣ ತೂತಲ್ಲಿರ್ತದೆ, ಇಡ್ಲೀಲಿ ಇರ್ತಾವಲ್ಲ ಹಂಗೆ. ಮೇಲೆ ಜೇಡಿಕಲ್ಲಿನ ಪದರ ಮುಚ್ಚಳ ಹಾಕಿರ್ತದೆ," ಎಂದು ಹೇಳಿ ಅದರ ಮೇಲೆ ಎರಡು ಹನಿ ನೀರು ಬಿಟ್ಟರು. ನೀರು ನೋಡನೋಡುತ್ತಲೇ ಒಳಗಿಳಿಯಿತು.

ಅತ್ತೆ ಕಣ್ಣರಳಿಸಿ, "ಅಂಗಾರೆ ಅಲ್ಲಿ ಬೇಕಾದಷ್ಟು ಅದೆ ಅನ್ನು," ಎಂದರು.

"ಇರೋದೆಲ್ಲ ಲೆಕ್ಕಕ್ಕಿಲ್ಲ ಕಣವ್ವಾ. ಮೇಲಕ್ಕೆ ತರಕ್ಕಾಗೋದನ್ನ ಮಾತ್ರ ನಿಕ್ಷೇಪ ಅಂತಾರೆ. ಮಿಕ್ಕಿದ್ದು ಅಲ್ಲೇ ಉಳೀತದೆ."

ಅವರ ಬಾವಿಯಲ್ಲಿ ಮೊದಲು ಗ್ಯಾಸು ಚೆನ್ನಾಗಿಯೇ ಬಂದು, ಆಮೇಲೆ ಬರೀ ಉಪ್ಪುನೀರು ಬರತೊಡಗಿತ್ತು. ಆ ಯೋಚನೆಯಲ್ಲೇ ರಜೆಯೆಲ್ಲ ಕಳೆದರು. ಕಲ್ಲನ್ನು ನನ್ನ ಕಿಟಕಿಯಲ್ಲಿಟ್ಟು ಹೋದರು.

ಮುಂದಿನ ಮಳೆಗಾಲದಲ್ಲಿ ಅಲ್ಲಿ ಮಲೇರಿಯಾ ತಲೆಗೇರಿ ತೀರಿಕೊಂಡರು. ಮೈದುನ ಹೋಗಿ ಮುಟ್ಟುವಷ್ಟರಲ್ಲಿ, ಜೊತೆ ಕೆಲಸದವರು, ಮಳೆಗೆ ದಾರಿ ಕಟ್ಟಿದೆ, ದೇಹ ಕೆಡುತ್ತದೆ ಎಂದು ಮರ್ಯಾದೆಯಿಂದಲೇ ಸುಟ್ಟುಬಿಟ್ಟಿದ್ದರು. ನಮ್ಮಲ್ಲಿ ಸುಡುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುತ್ತೇವೆ. ಅದನ್ನು ಆ ಕಾಡಿನಲ್ಲಿ ಅವರಿಗೆ ಹೇಳುವವರಾದರೂ ಯಾರಿದ್ದರು? ಕೊನೆಯಲ್ಲಿ ನನ್ನ ಗಂಡ ನೀರು ನೀರು ಅಂದರಂತೆ, ಕುಡಿಸಿದ್ದು ಗಂಟಲಲ್ಲಿ ಇಳಿಯಲಿಲ್ಲವಂತೆ. ಇದನ್ನು ಮೈದುನ ಹೇಳಬಾರದಿತ್ತು.

ಅವನು ತಂದ ಬೂದಿಯ ಮಡಕೆಯನ್ನು ಅತ್ತೆ ಮುಟ್ಟಲಿಲ್ಲ. "ಇದ್ಯಾವುದೋ ಒಲೆ ಬೂದಿ. ನನ್ ಮಗ ಅಲ್ಲ," ಎಂದು ಒಳಗೆ ಹೋದರು. ನಾನೂ ಮೈದುನನೂ ಅದನ್ನು ಕಪಿಲೆಯಲ್ಲಿ ಬಿಟ್ಟು ಬಂದೆವು.

ಆಮೇಲೆ ಅತ್ತೆ ನನ್ನ ಹತ್ತಿರ ಆ ಕಲ್ಲನ್ನು ಕೇಳಿದರು. "ಅವ್ನು ಸತ್ತ ನೆಲದೊಳ್ಗಿಂದ ಬಂದದ್ದು, ಅವ್ನ ಕೈ ಮುಟ್ಟಿದ್ದು. ಕೊಡವ್ವ, ತಾಂಡವಪುರದ ನಮ್ಮೊಲದಲ್ಲಿ ಅವ್ರಪ್ಪನ ಮಗ್ಗುಲಲ್ಲಿ ಮಣ್ಣು ಮಾಡ್ತೀನಿ. ಇಲ್ದಿದ್ರೆ ಅವ್ನು ಎಲ್ಲೂ ಇಲ್ಲ ಕಣವ್ವಾ."

ನಾನು ಕೊಡಲಿಲ್ಲ. ರೇಗಾಡಿದೆ. ನಿಮಗೆ ಹೆತ್ತ ನೆನಪಾದರೂ ಇದೆ, ನನಗೆ ಈ ಕಲ್ಲು ಬಿಟ್ಟರೆ ಇನ್ನೇನಿದೆ ಎಂದು ಕೂಗಿದೆ. ವರ್ಷದಲ್ಲಿ ಕೆಲವೇ ವಾರ ಗಂಡನ ಮುಖ ನೋಡಿದವಳು ನಾನು. ರಾತ್ರಿ ಅದನ್ನು ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದೆ. ಒಂದು ಸಲ ಮೂಸಿಯೂ ನೋಡಿದೆ. ಏನೂ ಇರಲಿಲ್ಲ.

ಅತ್ತೆ ಮತ್ತೆ ಕೇಳಲಿಲ್ಲ. ಆದರೆ ಹೊಲದಲ್ಲಿ ಮಾವನವರ ಸಮಾಧಿಯ ಪಕ್ಕ ಒಂದಾಳು ಕೂರುವಷ್ಟು ಜಾಗಕ್ಕೆ ರಾಗಿ ಬಿತ್ತಲು ಬಿಡಲಿಲ್ಲ. ಸುತ್ತ ಪೈರು ಎದ್ದು ನಿಂತಾಗ ಆ ಬೋಳು ನೆಲ ನನ್ನ ಕಣ್ಣಿಗೆ ಬಿತ್ತು. ಹಟ ಮಾಡುವ ಶಕ್ತಿ ಅಲ್ಲೇ ಮುಗಿಯಿತು. ಮಾರನೆಯ ದಿನ ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋದೆ.

ಮಠದ ಅಯ್ಯನವರು ಕಲ್ಲಿಗೆ ಮಣ್ಣು ಕೊಡುವ ಶಾಸ್ತ್ರವಿಲ್ಲ ಎಂದು ಗೊಣಗಿದರೂ ಬಂದರು. ಮೈದುನ ಗುಂಡಿ ತೋಡಿದ. ಮಣ್ಣು ಮಾಡುವ ಮುಂಚೆ ಮೈ ತೊಳೆಯಬೇಕಲ್ಲ, ಅತ್ತೆ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಚೊಂಬಿನಿಂದ ಸಣ್ಣಗೆ ನೀರು ಬಿಟ್ಟರು. ನೀರು ಒಳಗಿಳಿಯಿತು. ಇನ್ನಷ್ಟು ಬಿಟ್ಟರು. ಅದೂ ಇಳಿಯಿತು.

"ಕುಡೀತಾವ್ನೆ ನೋಡವ್ವಾ," ಎಂದರು.

ಅದು ತೂತಿನ ಕಲ್ಲು ಎಂದು ನನಗೆ ಗೊತ್ತಿತ್ತು. "ಇನ್ನೊಂಚೂರು ಕುಡಿಸಿ ಅತ್ತೆ," ಎಂದೆ.