ಕಾಟಮ್ಮನ ಕದಿರು

ಹೋದ ತಿಂಗಳು ಮುದ್ರಣಾಲಯದಿಂದ ಸಂಘದ ಸಮಾರಂಭದ ಆಮಂತ್ರಣ ಪತ್ರಿಕೆಯ ಕರಡು ಬಂತು. ಹಸಿ ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ. ನನ್ನ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಮೊದಲು ನೋಡಿಕೊಂಡೆ. ನಗಬೇಡಿ, ಕಾರ್ಯದರ್ಶಿಗಳೆಲ್ಲ ಮಾಡುವುದು ಅದನ್ನೇ. ಆಮೇಲೆ ಕಣ್ಣು ಕೆಳಗಿಳಿದು ‘ಜನಪದ ಗಾಯನ: ಹತ್ತು ನಿಮಿಷ’ ಎಂಬ ಸಾಲಿನ ಮೇಲೆ ನಿಂತಿತು. ಕಲಾವಿದರ ಹೆಸರಿನ ಜಾಗ ಖಾಲಿ. ನನಗೆ ಕಾಟಮ್ಮ ನೆನಪಾದಳು, ಜೊತೆಗೇ ನಾಚಿಕೆಯೂ ಆಯಿತು.

ಚಿತ್ರದುರ್ಗದಲ್ಲಿ ನಮ್ಮದೊಂದು ಪುಟ್ಟ ಸಂಘವಿದೆ. ಊರಿನ ಚರಿತ್ರೆ, ಊರಿನ ಕಲೆ ಊರಿನವರಿಗೇ ಗೊತ್ತಿಲ್ಲವಲ್ಲ ಎಂಬ ಕೊರಗಿನಿಂದ ಶುರುವಾದದ್ದು. ಕೋಟೆಯ ಬಗ್ಗೆ ನಾವು ಮಾಡಿದ ಭಾಷಣಗಳನ್ನು ಕೋಟೆಯ ಮಂಗಗಳೂ ಬಾಯಿಪಾಠ ಮಾಡಿರಬೇಕು. ಕೋಟೆಯಿಂದ ದೂರ ಇರುವವರು ಏನೇನು ನೆನಪಿಟ್ಟುಕೊಂಡಿದ್ದಾರೋ ನೋಡೋಣ ಎಂಬ ಹುಚ್ಚು ಹತ್ತಿ, ಮೂರು ವರ್ಷದ ಹಿಂದೆ ಹಿರೇಗುಂಟನೂರಿನ ಕಡೆ ಅಲೆಯತೊಡಗಿದೆ. ಅಲ್ಲಿ ಸಿಕ್ಕವಳು ಈ ಕಾಟಮ್ಮ.

ಕುರಿ ಸಾಕುವ ಮನೆಯ ಹೆಂಗಸು, ಅರವತ್ತು ದಾಟಿದವಳು. ಜಗಲಿಯ ಮೇಲೆ ಕೂತು ಕದಿರು ತಿರುಗಿಸಿ ಉಣ್ಣೆ ನೂಲುತ್ತಿದ್ದಳು, ನೂಲುತ್ತ ಹಾಡಿಕೊಳ್ಳುತ್ತಿದ್ದಳು. ಹಾಡೆಂದರೆ ಬರೀ ಜಾಗಗಳ ಹೆಸರು! ಹಿಂದಿನವರು ಮಂದೆ ಹೊಡೆದುಕೊಂಡು ಹೋಗುತ್ತಿದ್ದ ದಾರಿಯದು. ಹಿರೇಗುಂಟನೂರಿನಿಂದ ರಾಮಗಿರಿಯ ಗುಡ್ಡ, ಅಲ್ಲಿಂದ ಹಾಲುರಾಮೇಶ್ವರದವರೆಗೆ. ನಡುವೆ ಯಾವ ಹಳ್ಳದಲ್ಲಿ ನೀರು, ಯಾವ ಬಂಡೆಗುಂಡಿನ ನೆರಳಲ್ಲಿ ಕುರಿ ಮರಿ ಹಾಕಿತು, ಎಲ್ಲ ಸಾಲಾಗಿ ಬರುತ್ತಿತ್ತು. ಯಾವ ನಕಾಶೆಯಲ್ಲೂ ಇಲ್ಲದ ಹೆಸರುಗಳು. ಅತ್ತೆಯಿಂದ ಕಲಿತದ್ದಂತೆ. ದುರ್ಗಕ್ಕೆ ಬಂದು ಹಾಡಿ ಎಂದು ದುಂಬಾಲು ಬಿದ್ದೆ.

ಅಲ್ಲೇ ಹಗ್ಗ ಹೊಸೆಯುತ್ತಿದ್ದ ಗಂಡ ಈರಣ್ಣ ನಕ್ಕುಬಿಟ್ಟ. “ಇವಳ ಗೊಣಗಾಟ ಕೇಳಾಕೆ ದುರ್ಗದ ಜನಕ್ಕೆ ಬ್ಯಾರೆ ಕೆಲಸ ಇಲ್ವೇನ್ರಿ?”

ಕಾಟಮ್ಮನಿಗೆ ರೇಗಿತು. “ಬರ್ತೀನಿ ಸ್ವಾಮಿ. ಈವಯ್ಯನ್ನೂ ಕರ್ಕಂಡು ಬರ್ತೀನಿ. ಮುಂದಿನ ಸಾಲ್ನಾಗೆ ಕುಂದ್ರುಸ್ರಿ. ನಾಕು ಜನ ಕೇಳಾದು ಹೆಂಗಿರ್ತೈತೆ ಅಂತ ನೋಡ್ಲಿ.”

ಹೇಳಿದಂತೆಯೇ ಬಂದಳು, ಹೊಸ ಸೀರೆ ಉಟ್ಟುಕೊಂಡು. ಅವಳ ಕೈಚೀಲದಲ್ಲಿ ಕದಿರು, ಉಣ್ಣೆ ಇಣುಕುತ್ತಿದ್ದವು. ವೇದಿಕೆಗೆ ಬಾಡಿಗೆಗೆ ತಂದ ಕೆಂಪು ಹಾಸು ಹಾಸಿದ್ದೆವು. ಅದರ ಮೇಲೆ ಉಣ್ಣೆ ಉದುರಿದರೆ ಶಾಮಿಯಾನದವನ ಬೈಗುಳ ಯಾರು ತಿನ್ನುವುದು? “ಚೀಲ ಇಲ್ಲೇ ಚಪ್ಪಲಿ ಹತ್ರ ಇಡ್ರಿ” ಎಂದುಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮೈಕಿನ ಮುಂದೆ ಕಾಟಮ್ಮ ಕೂತಳು. “ರಾಮಗಿರಿ...” ಎಂದಳು. ನಿಂತಳು. ಮತ್ತೆ “ರಾಮಗಿರಿ...” ಎಂದಳು. ಖಾಲಿ ಬೆರಳುಗಳು ಸೀರೆಯ ಸೆರಗನ್ನು ಹೊಸೆಯುತ್ತಿದ್ದವು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುಂದಿನ ಸಾಲಿನಲ್ಲಿ ಈರಣ್ಣ ತಲೆ ತಗ್ಗಿಸಿದ. ಹತ್ತು ನಿಮಿಷ ಮುಗಿಯುವ ಮೊದಲೇ ನಾನು ಶಾಲು ಹೊದಿಸಿ ಅವಳನ್ನು ಇಳಿಸಿಬಿಟ್ಟೆ.

ಬಾಗಿಲಲ್ಲಿ ಚೀಲ ಎತ್ತಿಕೊಳ್ಳುತ್ತ ಅವಳು ಹೇಳಿದಳು: “ನನಗೂ ಗೊತ್ತಿರಲಿಲ್ಲ ಸ್ವಾಮಿ. ಕೈ ಸುಮ್ನಿಟ್ಕಂಡು ಯಾವತ್ತು ಹಾಡಿದ್ದೆ ನಾನು? ಈವಯ್ಯನ ಮುಂದೆ ನನ್ನ ಮಾನ ಹೋತು.”

ತಪ್ಪು ನನ್ನದು ಎನ್ನದೆ ನಾನು ಸಭೆಯೊಳಕ್ಕೆ ನುಸುಳಿದೆ. ಮೂರು ವರ್ಷ ಆ ಊರಿನ ಕಡೆ ತಲೆ ಹಾಕಲಿಲ್ಲ. ಅಷ್ಟು ಹೇಡಿ ನಾನು.

ಕರಡು ಬಂದ ಮಾರನೆಯ ದಿನ ಹೋದೆ. ತಪ್ಪಾಯಿತು ಎಂದೆ. ಕಾಟಮ್ಮ ಮೊದಲು ಚಹಾ ಕೊಟ್ಟಳು, ಆಮೇಲೆ ಬೈದಳು. “ನಾನಂತೂ ನಿಮ್ಮ ಸಭೆಗೆ ಕಾಲಿಡಾಕಿಲ್ಲ. ಬೇಕಾದ್ರೆ ನಿಮ್ಮ ಸಭೆನೇ ಇಲ್ಲಿಗೆ ಬರ್ಲಿ.”

ಬಂತು! ಮೊನ್ನೆ ಭಾನುವಾರ ಬೆಳಗ್ಗೆ ದುರ್ಗದಿಂದ ಬಸ್ಸಿನಲ್ಲಿ ಹದಿನಾಲ್ಕು ಮಂದಿ ಹೋದೆವು: ಇಬ್ಬರು ವಕೀಲರು, ಒಬ್ಬ ದಂತವೈದ್ಯೆ, ಉಳಿದವರು ನಮ್ಮಂಥ ಮೇಷ್ಟರು. “ಕುಂತ್ಕಳ್ರಿ” ಎಂದವಳೇ ಕಾಟಮ್ಮ ಒಬ್ಬೊಬ್ಬರ ಮಡಿಲಿಗೂ ಒಂದೊಂದು ಹಿಡಿ ಹಸಿ ಉಣ್ಣೆ ಹಾಕಿದಳು. “ಹಿಂಜ್ರಿ. ಕೈ ಬಿಡುವಾಗಿರೋರಿಗೆ ನನ್ನ ಹಾಡಿಲ್ಲ.” ವಕೀಲರು ಉಣ್ಣೆಯೊಳಗಿನ ಮುಳ್ಳು ಚುಚ್ಚಿಸಿಕೊಂಡು ಆಯ್ ಎಂದರು. ಕದಿರು ತಿರುಗಿತು. ಹಾಡು ಅದರ ಹಿಂದೆಯೇ ಹೊರಟಿತು, ಒಂದು ಕಡೆಯೂ ತಡವರಿಸಲಿಲ್ಲ. ಆ ಹಳ್ಳ ಈಗ ಎಲ್ಲಿದೆ, ಆ ದಿಬ್ಬ ಇನ್ನೂ ಇದೆಯೇ ಎಂದು ದಂತವೈದ್ಯೆ ನನ್ನ ಕಿವಿಯಲ್ಲಿ ಕೇಳುತ್ತಲೇ ಇದ್ದರು. ನನಗೇನು ಗೊತ್ತು? ನನಗೂ ಅದೇ ಕುತೂಹಲ.

ಹಾಡು ಸೀಗೆಹಳ್ಳ ದಾಟಿ ತಂಗಡಿ ದಿಬ್ಬಕ್ಕೆ ಬಂದಾಗ ಕೊಟ್ಟಿಗೆಯ ಬಾಗಿಲಿನಿಂದ ಈರಣ್ಣನ ದನಿ ಕೇಳಿತು.

“ಲೇ, ನಡುವೆ ಕುಂಟಮರಿ ಗುಂಡು ಬಿಟ್ಟೆ ನೋಡು. ನಮ್ಮವ್ವ ಅದನ್ನ ಬಿಡ್ತಿರಲಿಲ್ಲ. ನೀನೂ ಇಷ್ಟು ವರ್ಷ ಒಂದಿನಾನೂ ಬಿಟ್ಟಿಲ್ಲ.”

ಕದಿರು ನಿಂತಿತು. ನಮ್ಮ ಕೈಗಳೂ ನಿಂತವು. ಕಾಟಮ್ಮ ಗಂಡನನ್ನು ನೋಡಿದಳು. ಈರಣ್ಣ ಕುರಿಗಳ ಕಡೆ ನೋಡಿದ.

ಅವಳು ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ಉಣ್ಣೆ ತೆಗೆದು ಅವನತ್ತ ಎಸೆದಳು.

“ಬಾ, ಕುಂತ್ಕಂಡು ಹಿಂಜು.”